ವಾಲ್ವಿನ ಜಾತಕ ಬರೆಯುವ ಪೆಟ್ಟಿಗೆ

ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ, ಅಜ್ಜನ ಕಾಲದ ರೇಡಿಯೊ. ಮರದ ಪೆಟ್ಟಿಗೆ, ಸ್ಪೀಕರಿನ ಮುಂದೆ ಬಟ್ಟೆಯ ಪರದೆ, ಗಾಜಿನ ಪಟ್ಟಿಯ ಮೇಲೆ ದೇಶವಿದೇಶದ ನಿಲಯಗಳ ಹೆಸರು. ಸ್ವಿಚ್ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ನಿಧಾನವಾಗಿ ಕೆಂಪಡರಿ, ಬಿಸಿಯೇರಿ, ಆಮೇಲೆ ದನಿ ಹೊರಡುತ್ತಿತ್ತು. ಆ ಗಾಜಿನ ಬುರುಡೆಗಳೇ ವಾಲ್ವ್‌ಗಳು. ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ನಿರ್ವಾತ ನಳಿಕೆಗಳು.

ಇಂಥ ರೇಡಿಯೊ ಕೆಟ್ಟರೆ ರಿಪೇರಿಯವರು ಮೊದಲು ಹಿಂಬದಿಯ ರಟ್ಟು ಬಿಚ್ಚಿ ಯಾವ ವಾಲ್ವ್ ಹೊಳೆಯುತ್ತಿಲ್ಲ ಎಂದು ನೋಡುತ್ತಿದ್ದರು. ಹೊಳೆಯದಿದ್ದರೆ ಅದು ಸತ್ತಿದೆ, ಅನುಮಾನವಿಲ್ಲ. ಆದರೆ ಹೊಳೆಯುತ್ತಿದ್ದರೆ ಬದುಕಿದೆ ಎನ್ನಬಹುದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಯೂ ನಿಜ. ಕೆಂಪು ಹೊಳಪು ಹೇಳುವುದು ಒಳಗಿನ ಬಿಸಿತಂತಿ ತುಂಡಾಗಿಲ್ಲ ಎಂಬ ಒಂದೇ ಸಂಗತಿಯನ್ನು. ವಾಲ್ವ್ ತನ್ನ ಕೆಲಸವನ್ನು ಎಷ್ಟು ಮಾಡಬಲ್ಲದು, ಇನ್ನೆಷ್ಟು ಕಾಲ ಮಾಡಬಲ್ಲದು ಎಂಬುದನ್ನು ಅದು ಹೇಳುವುದಿಲ್ಲ. ವಾಲ್ವ್ ಬಹುಪಾಲು ಥಟ್ಟನೆ ಸಾಯುವುದಿಲ್ಲ. ದೀಪದ ಎಣ್ಣೆ ತೀರುವಂತೆ ವರ್ಷಾನುಗಟ್ಟಲೆ ಸೊರಗುತ್ತ ಹೋಗುತ್ತದೆ.

ಆ ಸೊರಗುವಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವ ಸಲಕರಣೆಯ ಹೆಸರು ಕರ್ವ್ ಟ್ರೇಸರ್. ಅಂದರೆ ವಾಲ್ವಿನ ಗುಣರೇಖೆಗಳನ್ನು ಬರೆಯುವ ಪೆಟ್ಟಿಗೆ. ಒಂದು ಕಾಲಕ್ಕೆ ಕಾರ್ಖಾನೆ ಮತ್ತು ಪ್ರಯೋಗಾಲಯಗಳಲ್ಲಷ್ಟೇ ಇದ್ದ ಈ ಪೆಟ್ಟಿಗೆಯನ್ನು ಹವ್ಯಾಸಿಗಳು ಇಂದು ಮನೆಯ ಮೇಜಿನ ಮೇಲೆ ತಾವೇ ಜೋಡಿಸಿಕೊಳ್ಳುತ್ತಿದ್ದಾರೆ. ಇದು ಬರೀ ಚಪಲವಲ್ಲ. ಹಳೆಯ ವಾಲ್ವ್‌ಗಳು ಮತ್ತೆ ಹುಟ್ಟುವುದಿಲ್ಲ. ಇರುವವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಆರಿಸಲು ಬೇರೆ ದಾರಿಯೂ ಇಲ್ಲ.

ತೂಬಿನ ಲೆಕ್ಕ

ವಾಲ್ವ್ ಎಂದರೆ ಕವಾಟ. ಹೆಸರಿಗೆ ತಕ್ಕ ಕೆಲಸವೇ ಅದರದು. ಕೆರೆಯ ತೂಬನ್ನು ಕಲ್ಪಿಸಿಕೊಳ್ಳಿ. ತೂಬಿನ ಗೂಟವನ್ನು ಒಬ್ಬ ನೀರುಗಂಟಿ ಒಂದಿಷ್ಟು ಎತ್ತಿದರೆ ಸಾಕು, ಕಾಲುವೆಯಲ್ಲಿ ನೂರಾರು ಎಕರೆಗೆ ಸಾಲುವ ನೀರು ಹರಿಯುತ್ತದೆ. ಸಣ್ಣ ಶ್ರಮ, ದೊಡ್ಡ ಹರಿವು. ವಾಲ್ವಿನೊಳಗೆ ನಡೆಯುವುದೂ ಇದೇ.

ನಡುವೆ ನಿಂತಿರುವ ಲೋಹದ ಕೊಳವೆಯೇ ಕ್ಯಾಥೋಡ್. ಅದರ ಮೈಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ತೆಳು ಲೇಪ. ಒಳಗಿನ ಬಿಸಿತಂತಿ ಅದನ್ನು ಕೆಂಪಗೆ ಕಾಯಿಸಿದಾಗ ಲೇಪದಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಹೊರಗೆ ಸುತ್ತುವರಿದ ಆನೋಡಿಗೆ ಇನ್ನೂರು, ಮುನ್ನೂರು ವೋಲ್ಟಿನ ಧನ ವಿದ್ಯುತ್ ಕೊಟ್ಟರೆ ಅವು ಅತ್ತ ಓಡುತ್ತವೆ. ಇವೆರಡರ ನಡುವೆ ಸಣ್ಣ ತಂತಿಯ ಜಾಲರಿಯೊಂದಿದೆ. ಅದೇ ಗ್ರಿಡ್, ನಮ್ಮ ತೂಬಿನ ಗೂಟ. ಗ್ರಿಡ್ಡಿಗೆ ಒಂದೆರಡು ವೋಲ್ಟಿನಷ್ಟು ಋಣ ವಿದ್ಯುತ್ ಕೊಟ್ಟರೂ ಎಲೆಕ್ಟ್ರಾನುಗಳ ಪ್ರವಾಹ ತಗ್ಗುತ್ತದೆ. ಇನ್ನಷ್ಟು ಕೊಟ್ಟರೆ ನಿಂತೇ ಹೋಗುತ್ತದೆ. ಆಕಾಶದಿಂದ ಬಂದ ಕ್ಷೀಣ ಸಂಕೇತ ಸ್ಪೀಕರನ್ನು ಅಲುಗಾಡಿಸುವ ಬಲ ಪಡೆಯುವುದು ಈ ಉಪಾಯದಿಂದಲೇ.

ಹಾಗಾದರೆ ಗುಣರೇಖೆ ಎಂದರೇನು? ಗ್ರಿಡ್ಡಿನ ವೋಲ್ಟೇಜನ್ನು ಒಂದು ಕಡೆ ಕಟ್ಟಿಹಾಕಿ, ಆನೋಡಿನ ವೋಲ್ಟೇಜನ್ನು ಸೊನ್ನೆಯಿಂದ ಮೇಲಕ್ಕೇರಿಸುತ್ತ ಹೋಗಬೇಕು. ಪ್ರತಿ ಹಂತದಲ್ಲೂ ಎಷ್ಟು ಕರೆಂಟ್ ಹರಿಯಿತು ಎಂದು ಬರೆದುಕೊಂಡು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಜೋಡಿಸಿದರೆ ಒಂದು ರೇಖೆ. ಗ್ರಿಡ್ಡಿನ ವೋಲ್ಟೇಜ್ ಬದಲಿಸಿ ಮತ್ತೆ ಅದನ್ನೇ ಮಾಡಿದರೆ ಇನ್ನೊಂದು ರೇಖೆ. ಹೀಗೆ ಏಳೆಂಟು ರೇಖೆಗಳ ಒಂದು ಕುಟುಂಬವೇ ಸಿದ್ಧವಾಗುತ್ತದೆ. ವಾಲ್ವಿನ ಜಾತಕ ಎನ್ನುವುದಿದ್ದರೆ ಇದೇ.

ಮಾಡಿದವನಿಗೇ ತಿಳಿದಿರಲಿಲ್ಲ

ಈ ರೇಖೆಗಳ ಮಹತ್ವ ಅರಿಯಲು ಚರಿತ್ರೆಯ ಒಂದು ಪುಟ ತಿರುಗಿಸಬೇಕು. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಎರಡು ವಿದ್ಯುದ್ವಾರಗಳ ವಾಲ್ವ್ ರೂಪಿಸಿದರು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದಕ್ಕೆ ಮೂರನೆಯದೊಂದನ್ನು ಸೇರಿಸಿ ‘ಆಡಿಯಾನ್’ ಎಂದು ಕರೆದರು. ವಿಚಿತ್ರವೆಂದರೆ ಅದು ಏಕೆ ಕೆಲಸ ಮಾಡುತ್ತದೆ ಎಂಬುದು ಡಿ ಫಾರೆಸ್ಟ್ ಅವರಿಗೇ ಸ್ಪಷ್ಟವಿರಲಿಲ್ಲ. ಬುರುಡೆಯಲ್ಲಿ ಉಳಿದ ಒಂದಿಷ್ಟು ಅನಿಲವೇ ಅದರ ಜೀವಾಳ ಎಂದು ಅವರು ನಂಬಿದ್ದರು.

ಗಂಟು ಬಿಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಯುವಕ. ಅವರು ತರ್ಕ ಹೂಡುತ್ತ ಕೂರಲಿಲ್ಲ, ಅಳೆದರು. ಗ್ರಿಡ್ ಬದಲಾದಂತೆ ಕರೆಂಟ್ ಹೇಗೆ ಬದಲಾಗುತ್ತದೆ ಎಂಬುದನ್ನು ರೇಖೆಯಾಗಿ ಬರೆದು, 1914ರಲ್ಲಿ ಪ್ರಕಟಿಸಿದರು. ಆ ರೇಖೆಯ ಮುಂದೆ ಊಹಾಪೋಹಗಳೆಲ್ಲ ಕರಗಿದವು. ಅನಿಲ ಬೇಕಿಲ್ಲ, ಅದು ತೊಂದರೆಯೇ ಹೊರತು ಉಪಕಾರವಲ್ಲ ಎಂಬುದು ಅಷ್ಟರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರ ಸಂಶೋಧನೆಯಿಂದಲೂ ಖಚಿತವಾಗಿತ್ತು. 1911ರಲ್ಲಿ ಚೈಲ್ಡ್, 1913ರಲ್ಲಿ ಲ್ಯಾಂಗ್‌ಮ್ಯೂರ್ ಕಂಡುಕೊಂಡ ನಿಯಮ ಸರಳವಾಗಿದೆ: ಒಳ್ಳೆಯ ನಿರ್ವಾತದಲ್ಲಿ ಆನೋಡಿನ ವೋಲ್ಟೇಜ್ ನಾಲ್ಕು ಪಟ್ಟಾದರೆ ಕರೆಂಟ್ ಎಂಟು ಪಟ್ಟಾಗುತ್ತದೆ. ವಾಲ್ವಿನ ರೇಖೆ ನೆಟ್ಟಗೆ ಹೋಗದೆ ಮೇಲ್ಮುಖವಾಗಿ ಬಾಗುವುದು ಈ ಕಾರಣದಿಂದ.

ಅಂದರೆ ವಾಲ್ವನ್ನು ಮಾಡಿದವನಿಗಿಂತ ಅದರ ರೇಖೆ ಬರೆದವನಿಗೆ ಅದು ಹೆಚ್ಚು ಅರ್ಥವಾಗಿತ್ತು. ನೂರು ವರ್ಷ ದಾಟಿದ ಮೇಲೂ ಈ ಮಾತು ಸುಳ್ಳಾಗಿಲ್ಲ.

ಒಂದು ಚುಕ್ಕೆಯ ಪರೀಕ್ಷೆ ಸಾಲದು

ಹಿಂದೆ ವಾಲ್ವ್ ಪರೀಕ್ಷಿಸುವ ಯಂತ್ರಗಳೇ ಇರಲಿಲ್ಲವೆ ಎಂದು ನೀವು ಕೇಳಬಹುದು. ಬೇಕಾದಷ್ಟಿದ್ದವು. ಅಮೆರಿಕದಲ್ಲಿ 1950–60ರ ದಶಕಗಳಲ್ಲಿ ಔಷಧದ ಅಂಗಡಿಗಳಲ್ಲೂ ಅಂಥ ಯಂತ್ರ ನಿಲ್ಲಿಸಿರುತ್ತಿದ್ದರು. ಗಿರಾಕಿ ಮನೆಯ ಟೀವಿಯ ವಾಲ್ವ್‌ಗಳನ್ನು ಕಿತ್ತು ತಂದು ಚುಚ್ಚಿ ನೋಡುವುದು, ಮುಳ್ಳು ಕೆಂಪು ಭಾಗದಲ್ಲಿ ನಿಂತರೆ ಅಲ್ಲೇ ಹೊಸದು ಕೊಳ್ಳುವುದು. ಅಗ್ಗದ ಯಂತ್ರಗಳು ವಾಲ್ವಿನ ಕ್ಯಾಥೋಡ್ ಬಿಟ್ಟು ಉಳಿದೆಲ್ಲ ಭಾಗಗಳನ್ನು ಒಟ್ಟು ಸೇರಿಸಿ, ಎಲೆಕ್ಟ್ರಾನು ಹೊರಡುತ್ತದೆಯೇ ಇಲ್ಲವೇ ಎಂದಷ್ಟೇ ನೋಡುತ್ತಿದ್ದವು. ಗ್ರಿಡ್ ತನ್ನ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ.

ಬ್ರಿಟನ್ನಿನ ಏವೋ, ಅಮೆರಿಕದ ಹಿಕಾಕ್ ಕಂಪನಿಗಳ ಯಂತ್ರಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗ್ರಿಡ್ಡಿನ ಹಿಡಿತವನ್ನೂ ಅಳೆಯುತ್ತಿದ್ದವು. ಗ್ರಿಡ್ ಒಂದು ವೋಲ್ಟ್ ಬದಲಾದರೆ ಆನೋಡಿನ ಕರೆಂಟ್ ಎಷ್ಟು ಮಿಲಿಆಂಪಿಯರ್ ಬದಲಾಗುತ್ತದೆ ಎಂಬ ಈ ಅಳತೆಯೇ ವಾಲ್ವಿನ ಮುಖ್ಯ ಗುಣ. ಆದರೂ ಇಂಥ ಯಂತ್ರ ಒಂದು ಸಲಕ್ಕೆ ಹೇಳುವುದು ಒಂದೇ ಚುಕ್ಕೆಯ ಕತೆ. ಒಂದು ಚುಕ್ಕೆಯಲ್ಲಿ ಸರಿಯಾಗಿ ಕಾಣುವ ವಾಲ್ವ್ ಇನ್ನೊಂದು ಚುಕ್ಕೆಯಲ್ಲಿ ಮುಗ್ಗರಿಸಬಹುದು. ಇಡೀ ರೇಖಾಕುಟುಂಬವನ್ನು ಪರದೆಯ ಮೇಲೆ ಒಮ್ಮೆಲೇ ತೋರಿಸುವ ‘570’ ಎಂಬ ಯಂತ್ರವನ್ನು ಅಮೆರಿಕದ ಟೆಕ್‌ಟ್ರಾನಿಕ್ಸ್ ಕಂಪನಿ 1955ರಲ್ಲಿ ತಂದಿತು. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ಬಂದು ಎಂಟು ವರ್ಷವಾಗಿತ್ತು. ವಾಲ್ವಿನ ಸೂರ್ಯ ಪಡುವಣಕ್ಕೆ ವಾಲಿದ್ದ.

ಜಾಲಹಳ್ಳಿಯ ನಂಟು

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ತನ್ನ ಜಾಲಹಳ್ಳಿಯ ಕಾರ್ಖಾನೆಯಲ್ಲಿ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಬಿಇಎಲ್ ಮುದ್ರೆಯ ವಾಲ್ವ್‌ಗಳು ದೇಶದ ಸಾವಿರಾರು ಮನೆಗಳಲ್ಲಿ ಹಾಡಿದವು. ಮರುವರ್ಷವೇ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತು. ವಾಲ್ವನ್ನು ಮನೆಯಿಂದ ಹೊರಹಾಕಿದ ಪದಾರ್ಥ ವಾಲ್ವ್ ಹುಟ್ಟಿದ ಕಡೆಯೇ ಒಂದು ವರ್ಷದ ಅಂತರದಲ್ಲಿ ಹುಟ್ಟಿದ್ದು ಕಾಲದ ವೈಚಿತ್ರ್ಯ.

ಇಂದು ಬಿಇಎಲ್ ಮುದ್ರೆಯ ಇಎಲ್84 ವಾಲ್ವ್‌ಗಳನ್ನು ವಿದೇಶದ ಗಿಟಾರ್ ವಾದಕರೂ ಹುಡುಕಿ ಕೊಳ್ಳುತ್ತಾರೆ. ಹೌದು, ವಾಲ್ವ್ ಪೂರ್ತಿ ಸತ್ತಿಲ್ಲ. ಗಿಟಾರ್ ಆಂಪ್ಲಿಫೈಯರುಗಳಲ್ಲಿ, ಸಂಗೀತಪ್ರಿಯರ ದುಬಾರಿ ಸೆಟ್ಟುಗಳಲ್ಲಿ, ಹ್ಯಾಮ್ ರೇಡಿಯೊದವರ ಕೋಣೆಗಳಲ್ಲಿ ಅದಕ್ಕೆ ಇನ್ನೂ ಬೇಡಿಕೆ ಇದೆ. ಹೊಸ ವಾಲ್ವ್‌ಗಳನ್ನು ಮಾಡುವ ದೊಡ್ಡ ಕಾರ್ಖಾನೆಗಳು ಮಾತ್ರ ಬೆರಳೆಣಿಕೆಯಷ್ಟು. ರಷ್ಯಾದ ಸಾರಾಟೋವ್, ಸ್ಲೊವಾಕಿಯಾದ ಚಾಡ್ಸಾ, ಮತ್ತೆ ಚೀನಾ ಇವುಗಳಲ್ಲಿ ಮುಖ್ಯ. 2022ರ ಮಾರ್ಚಿನಲ್ಲಿ ಯುದ್ಧದ ಕಾರಣ ರಷ್ಯಾದ ರಫ್ತಿಗೆ ಅಡ್ಡಿ ಬಂದಾಗ ಜಗತ್ತಿನ ವಾಲ್ವ್ ವ್ಯಾಪಾರವೇ ಗಾಬರಿಗೊಂಡಿತ್ತು.

ಹೀಗಿರುವಾಗ ಹಳೆಯ ದಾಸ್ತಾನಿಗೆ ಬೆಲೆ ಬಾರದೆ ಇದ್ದೀತೆ? ಬೆಲೆ ಬಂದ ಕಡೆ ಮೋಸವೂ ಬರುತ್ತದೆ. ಬಳಸಿ ಬಿಸಾಡಿದ ವಾಲ್ವಿನ ಮೇಲೆ ಒಳ್ಳೆಯ ಕಂಪನಿಯ ಹೆಸರು ಹೊಸದಾಗಿ ಅಚ್ಚಾಗುತ್ತದೆ. ‘ಪರೀಕ್ಷಿಸಿದ್ದು’ ಎಂಬ ಚೀಟಿ ಡಬ್ಬಿಗೆ ಅಂಟುತ್ತದೆ. ಯಾರು ಪರೀಕ್ಷಿಸಿದರು, ಯಾವ ಯಂತ್ರದಲ್ಲಿ, ಎಷ್ಟು ವೋಲ್ಟಿನಲ್ಲಿ? ಚೀಟಿ ಬಾಯಿಬಿಡುವುದಿಲ್ಲ. ಕೊಳ್ಳುವವನ ಮುಂದೆ ಎರಡೇ ದಾರಿ: ನಂಬುವುದು, ಇಲ್ಲವೇ ತಾನೇ ಅಳೆಯುವುದು.

ಕಟ್ಟುವ ಬಗೆ

ಮನೆಯಲ್ಲೇ ಕರ್ವ್ ಟ್ರೇಸರ್ ಕಟ್ಟುವವರು ಹಿಡಿಯುವ ಹಳೆಯ, ಸರಳ ಹಾದಿ ಆಸಿಲೋಸ್ಕೋಪನ್ನು ಪರದೆಯಾಗಿ ಬಳಸುವುದು. ಬೇಕಾಗುವ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬೀದಿಗಳಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಸಿಗುವಂಥದೇ.

ಮೊದಲು ಆನೋಡಿನ ವೋಲ್ಟೇಜ್. ಮನೆಯ ಕರೆಂಟಿನಿಂದ ಪೂರ್ತಿ ಬೇರ್ಪಟ್ಟ, 250 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಒಂದು. ಅದರ ಮುಂದೆ ನಾಲ್ಕು ಡಯೋಡುಗಳ ಸೇತುವೆ. ಸಾಮಾನ್ಯ ಪವರ್ ಸಪ್ಲೈನಲ್ಲಿ ಇದರ ಮುಂದೆ ದೊಡ್ಡ ಕೆಪಾಸಿಟರ್ ಹಾಕಿ ಏರಿಳಿತವನ್ನು ಸಪಾಟು ಮಾಡುತ್ತಾರೆ. ಇಲ್ಲಿ ಹಾಕುವುದಿಲ್ಲ, ಏರಿಳಿತವೇ ಬೇಕು! ವೋಲ್ಟೇಜು ಸೆಕೆಂಡಿಗೆ 100 ಸಲ ಸೊನ್ನೆಯಿಂದ ಸುಮಾರು 350ರವರೆಗೆ ಏರಿ ಇಳಿಯುತ್ತದೆ. ಕೈಯಿಂದ ಗುಂಡಿ ತಿರುಗಿಸಿ ಚುಕ್ಕೆ ಚುಕ್ಕೆಯಾಗಿ ಮಾಡಬೇಕಿದ್ದ ಕೆಲಸವನ್ನು ಮನೆಯ ಕರೆಂಟೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಎರಡನೆಯದು ಗ್ರಿಡ್ಡಿಗೆ ಮೆಟ್ಟಿಲು. ಪ್ರತಿ ಏರಿಳಿತ ಮುಗಿದಾಗ ಗ್ರಿಡ್ಡಿನ ವೋಲ್ಟೇಜ್ ಒಂದು ಮೆಟ್ಟಿಲು ಇಳಿಯಬೇಕು. ಒಂದು ಎಣಿಕೆ ಐಸಿ, ಏಣಿಯಂತೆ ಜೋಡಿಸಿದ ಕೆಲವು ರೆಸಿಸ್ಟರುಗಳು, ಒಂದು ಆಪ್‌ಆಂಪ್ ಇಷ್ಟರಿಂದ ಇದು ಸಾಧ್ಯ. ಇಸಿಸಿ83 ವಾಲ್ವಿಗೆ ಅರ್ಧ ಅರ್ಧ ವೋಲ್ಟಿನ ಮೆಟ್ಟಿಲು ಸಾಕು. ಇಎಲ್84ಕ್ಕೆ ಎರಡೆರಡು ವೋಲ್ಟ್ ಬೇಕು. ಎಂಟು ಮೆಟ್ಟಿಲಾದರೆ ಒಂದು ಸುತ್ತಿಗೆ ಸೆಕೆಂಡಿನ ನೂರರ ಎಂಟು ಭಾಗ ಹಿಡಿಯುತ್ತದೆ. ಪರದೆ ಕೊಂಚ ಮಿಣುಕಿದರೂ ಎಂಟೂ ರೇಖೆಗಳು ಒಟ್ಟಿಗೆ ನಿಂತಂತೆ ಕಾಣುತ್ತವೆ.

ಮೂರನೆಯದು ಅಳತೆ. ಆನೋಡಿನ ವೋಲ್ಟೇಜನ್ನು ನೂರರಲ್ಲೊಂದು ಪಾಲಿಗೆ ತಗ್ಗಿಸಿ ಸ್ಕೋಪಿನ ಅಡ್ಡ ಅಕ್ಷಕ್ಕೆ ಕೊಡಬೇಕು. ಕರೆಂಟ್ ಒಂದು ಸಣ್ಣ ರೆಸಿಸ್ಟರಿನ ಮೂಲಕ ಹರಿದಾಗ ಅಲ್ಲಿ ಹುಟ್ಟುವ ವೋಲ್ಟೇಜನ್ನು ಉದ್ದ ಅಕ್ಷಕ್ಕೆ ಕೊಡಬೇಕು. ಈ ರೆಸಿಸ್ಟರನ್ನು ಎಲ್ಲಿಡುವುದು ಎಂಬುದರಲ್ಲಿ ಜಾಣತನವಿದೆ. ಹೊಸಬರು ಕ್ಯಾಥೋಡಿನ ಕಾಲಿಗೇ 10 ಓಮ್ ಹಾಕುತ್ತಾರೆ. ಆಗ 100 ಮಿಲಿಆಂಪಿಯರ್ ಹರಿದರೆ ಕ್ಯಾಥೋಡ್ ಒಂದು ವೋಲ್ಟ್ ಮೇಲೇರಿ, ಗ್ರಿಡ್ಡಿನ ಲೆಕ್ಕ ಅಷ್ಟೂ ತಪ್ಪಾಗುತ್ತದೆ. ಮೇಲಾಗಿ ಇಎಲ್84ರಂಥ ಪೆಂಟೋಡಿನಲ್ಲಿ ಸ್ಕ್ರೀನ್ ಗ್ರಿಡ್ ಎಂಬ ಇನ್ನೊಂದು ಜಾಲರಿಯ ಕರೆಂಟೂ ಅದರಲ್ಲಿ ಬೆರೆತುಬಿಡುತ್ತದೆ. ಕ್ಯಾಥೋಡನ್ನು ನೇರವಾಗಿ ಭೂಮಿಗೆ ಸೇರಿಸಿ, ಆನೋಡ್ ಸಪ್ಲೈನ ಋಣ ತುದಿ ಭೂಮಿಗೆ ಮರಳುವ ದಾರಿಯಲ್ಲಿ ರೆಸಿಸ್ಟರ್ ಇಟ್ಟರೆ ಎರಡೂ ತೊಂದರೆ ತಪ್ಪುತ್ತದೆ. ಚಿತ್ರ ತಲೆಕೆಳಗಾಗಿ ಬರುತ್ತದೆ, ಅಷ್ಟೆ. ಅದನ್ನು ಎತ್ತಿ ನಿಲ್ಲಿಸಲು ಸ್ಕೋಪಿನಲ್ಲೇ ಗುಂಡಿಯಿದೆ.

ಇನ್ನು ಸಾಕೆಟ್ಟು. ಇಸಿಸಿ83 ಮತ್ತು ಇಎಲ್84 ಎರಡಕ್ಕೂ ಒಂಬತ್ತು ಕಾಲು, ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ. ಆದರೆ ಒಂದರಲ್ಲಿ ಏಳನೆಯ ಕಾಲು ಗ್ರಿಡ್, ಇನ್ನೊಂದರಲ್ಲಿ ಅದೇ ಏಳನೆಯ ಕಾಲು ಆನೋಡ್! ವಯರು ಬದಲಿಸಲು ಮರೆತರೆ ಗ್ರಿಡ್ಡಿಗೆ ಮುನ್ನೂರು ವೋಲ್ಟ್ ಹೋಗಿ ವಾಲ್ವಿನ ಆಯುಷ್ಯ ಕ್ಷಣದಲ್ಲಿ ಮುಗಿಯುತ್ತದೆ. ಅದಕ್ಕಾಗಿಯೇ ಒಂಬತ್ತೂ ಕಾಲುಗಳನ್ನು ಮುಂಭಾಗದ ಫಲಕಕ್ಕೆ ತಂದು, ಪ್ರತಿ ಜಾತಿಯ ವಾಲ್ವಿಗೂ ಜೋಡಣೆಯ ಪಟ್ಟಿ ಬರೆದಿಟ್ಟುಕೊಳ್ಳುವುದು ರೂಢಿ. ಕಾಲುಗಳ ಬುಡದಲ್ಲೇ ಸಣ್ಣ ರೆಸಿಸ್ಟರುಗಳನ್ನು ಬೆಸುಗೆ ಹಾಕಬೇಕು. ಇಲ್ಲವಾದರೆ ಚುರುಕಾದ ವಾಲ್ವ್ ತನ್ನಷ್ಟಕ್ಕೆ ತಾನೇ ಕಂಪಿಸತೊಡಗಿ ರೇಖೆಯಲ್ಲಿ ಇಲ್ಲದ ಡೊಂಕು ಮೂಡುತ್ತದೆ.

ಬಿಸಿಯ ತೊಡಕು, ಮಿಂಚಿನ ಉಪಾಯ

ಈ ವಿಧಾನಕ್ಕೆ ಒಂದು ಮಿತಿಯಿದೆ. ಇಎಲ್84ರ ಆನೋಡ್ ತಾಳಿಕೊಳ್ಳುವ ಬಿಸಿ 12 ವಾಟ್. ಗುಣರೇಖೆಯ ಮೇಲಿನ ಮೂಲೆಯಲ್ಲಿ 300 ವೋಲ್ಟ್, 100 ಮಿಲಿಆಂಪಿಯರ್ ಎಂದರೆ 30 ವಾಟ್. ಅಲ್ಲಿ ಹೆಚ್ಚು ಹೊತ್ತು ನಿಂತರೆ ಆನೋಡೇ ಕೆಂಪಗಾಗುತ್ತದೆ. ಪರೀಕ್ಷೆ ಮಾಡಲು ಹೋಗಿ ವಾಲ್ವನ್ನೇ ಕೊಂದಂತೆ!

ಇದಕ್ಕೆ ಹೊಸ ತಲೆಮಾರಿನವರು ಕಂಡುಕೊಂಡ ಉಪಾಯ, ಮಿಂಚಿನಂತೆ ಅಳೆದು ಸುಮ್ಮನಾಗುವುದು. ನೆದರ್ಲೆಂಡ್ಸಿನ ಎಂಜಿನಿಯರ್ ಒಬ್ಬರು ರೂಪಿಸಿ, ಹವ್ಯಾಸಿಗಳಿಗೆಲ್ಲ ಹಂಚಿದ ‘ಯುಟ್ರೇಸರ್’ ಎಂಬ ಸಲಕರಣೆ ಇದೇ ತತ್ವದ ಮೇಲೆ ನಿಂತಿದೆ. ಲ್ಯಾಪ್‌ಟಾಪ್ ಚಾರ್ಜರಿನ ಹತ್ತೊಂಬತ್ತೂವರೆ ವೋಲ್ಟನ್ನೇ ಮೆಲ್ಲಗೆ ಏರಿಸಿ ಒಂದು ಕೆಪಾಸಿಟರಿನಲ್ಲಿ ಬೇಕಾದಷ್ಟು ವೋಲ್ಟೇಜ್ ತುಂಬಿಸುತ್ತಾರೆ. ಅಲ್ಲಿಯವರೆಗೆ ವಾಲ್ವಿನಲ್ಲಿ ಕರೆಂಟ್ ಹರಿಯಲು ಬಿಡುವುದಿಲ್ಲ. ಆಮೇಲೆ ಸುಮಾರು ಒಂದು ಮಿಲಿಸೆಕೆಂಡು ತೂಬು ತೆಗೆದು, ಕರೆಂಟ್ ಅಳೆದು, ಮತ್ತೆ ಮುಚ್ಚುತ್ತಾರೆ. ಲೆಕ್ಕ ಹಾಕಿ ನೋಡಿ: 100 ಮೈಕ್ರೊಫ್ಯಾರಡ್ ಕೆಪಾಸಿಟರಿನಿಂದ 100 ಮಿಲಿಆಂಪಿಯರ್ ಒಂದು ಮಿಲಿಸೆಕೆಂಡು ಹರಿದರೆ ಇಳಿಯುವುದು ಒಂದೇ ವೋಲ್ಟ್. ಮೂವತ್ತು ವಾಟ್ ಆದರೂ ಅಷ್ಟು ಅಲ್ಪ ಹೊತ್ತಿನಲ್ಲಿ ಆನೋಡಿಗೆ ಬಿಸಿ ತಟ್ಟುವುದೇ ಇಲ್ಲ. ಪುಟ್ಟ ಮೈಕ್ರೊಕಂಟ್ರೋಲರ್ ಒಂದು ಈ ಚುಕ್ಕೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಕೆಲ ನಿಮಿಷಗಳಲ್ಲಿ ರೇಖೆಗಳು ಪರದೆಯ ಮೇಲೆ ಮೂಡುತ್ತವೆ, ಮುಂದೆ ಹೋಲಿಸಲು ಹಾಗೇ ಉಳಿಯುತ್ತವೆ.

ಜೀವಕ್ಕೆ ಎರವಾದೀತು

ಇಷ್ಟೆಲ್ಲ ಓದಿ ಉತ್ಸಾಹ ಬಂದವರು ಒಂದು ಕ್ಷಣ ನಿಲ್ಲಬೇಕು. ಟ್ರಾನ್ಸಿಸ್ಟರಿನ ಒಂಬತ್ತು ವೋಲ್ಟಿನಲ್ಲಿ ಬೆಳೆದ ಕೈಗೆ ವಾಲ್ವಿನ ಮುನ್ನೂರು ವೋಲ್ಟಿನ ಭಯ ಗೊತ್ತಿರುವುದಿಲ್ಲ. ಇದು ಆಟದ ಸಾಮಾನಲ್ಲ.

ಅತಿ ದೊಡ್ಡ ತಪ್ಪು ವೇರಿಯಾಕ್ ಒಂದನ್ನೇ ನಂಬುವುದು. ಗುಂಡಿ ತಿರುಗಿಸಿ ವೋಲ್ಟೇಜ್ ತಗ್ಗಿಸಬಲ್ಲ ಈ ಉಪಕರಣ ಮನೆಯ ಕರೆಂಟಿನಿಂದ ನಿಮ್ಮನ್ನು ಬೇರ್ಪಡಿಸುವುದಿಲ್ಲ. ಗುಂಡಿ ಸೊನ್ನೆಯಲ್ಲಿದ್ದರೂ ಪ್ಲಗ್ ತಿರುವುಮುರುವಾದರೆ ಇಡೀ ಪೆಟ್ಟಿಗೆಯೇ ಲೈನಿಗೆ ಅಂಟಿರುತ್ತದೆ. ವೇರಿಯಾಕಿನ ಮುಂದೆ ಪ್ರತ್ಯೇಕ ಸುತ್ತುಗಳ ಟ್ರಾನ್ಸ್‌ಫಾರ್ಮರ್ ಇರಲೇಬೇಕು.

ಎರಡನೆಯದು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಕುಳಿತಿರುತ್ತದೆ. 100 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 100 ಕಿಲೋಓಮ್ ರೆಸಿಸ್ಟರನ್ನು ಶಾಶ್ವತವಾಗಿ ಅಡ್ಡ ಕಟ್ಟಿದರೂ ಅದು ಬರಿದಾಗಲು ಸುಮಾರು ಒಂದು ನಿಮಿಷ ಬೇಕು. ಆ ನಿಮಿಷ ಕಾಯಬೇಕು, ಮೀಟರಿಟ್ಟು ನೋಡಬೇಕು, ಆಮೇಲೆ ಕೈ ಹಾಕಬೇಕು. ಪೆಟ್ಟಿಗೆಯ ಮುಚ್ಚಳ ತೆರೆದರೆ ತಾನೇ ಆರುವ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಹಿಂದಿನ ರೇಡಿಯೊ ಮೆಕ್ಯಾನಿಕ್‌ಗಳು ಉರಿಯುವ ಸೆಟ್ಟಿನೊಳಗೆ ಕೈ ಹಾಕುವಾಗ ಇನ್ನೊಂದು ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಅದು ಗತ್ತಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟ್ ಹಾಯುವ ದಾರಿಯಲ್ಲಿ ಹೃದಯವಿದೆ. ಅನುಭವಸ್ಥರು ಪಕ್ಕದಲ್ಲಿಲ್ಲದೆ ಮೊದಲ ಸಲ ಈ ಪೆಟ್ಟಿಗೆಗೆ ಕರೆಂಟ್ ಕೊಡದಿರುವುದೇ ವಿವೇಕ.

ರೇಖೆ ಓದುವ ಕಲೆ

ಯಂತ್ರ ಸಿದ್ಧವಾಯಿತು. ಅದು ಹೇಳುವುದನ್ನು ನಂಬಬಹುದೆ? ಮೊದಲು ಯಂತ್ರವನ್ನೇ ಪರೀಕ್ಷಿಸಬೇಕು. ವಾಲ್ವಿನ ಜಾಗದಲ್ಲಿ ಬೆಲೆ ಗೊತ್ತಿರುವ 10 ಕಿಲೋಓಮ್ ರೆಸಿಸ್ಟರ್ ಹಾಕಿ. 10 ವಾಟಿನದಾದರೆ ಸುಡುವ ಭಯವಿಲ್ಲ. ಗೆರೆ ನೆಟ್ಟಗೆ ಬರಬೇಕು, 100 ವೋಲ್ಟಿಗೆ 10 ಮಿಲಿಆಂಪಿಯರ್, 200ಕ್ಕೆ 20. ಡೊಂಕಾದರೆ ದೋಷ ನಿಮ್ಮ ಪೆಟ್ಟಿಗೆಯದು.

ಆಮೇಲೆ ವಾಲ್ವ್. ಚುಚ್ಚುವ ಮೊದಲು ಬುರುಡೆಯ ಒಳಗೋಡೆಯ ಬೆಳ್ಳಿ ಮಚ್ಚೆ ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಪರೀಕ್ಷೆಯೇ ಬೇಡ. ಸರಿಯಿದ್ದರೆ ಬಿಸಿತಂತಿಗೆ 6.3 ವೋಲ್ಟ್ ಕೊಟ್ಟು ಕೆಲ ನಿಮಿಷ ಕಾಯಿಸಿ.

ಆರೋಗ್ಯವಂತ ಇಸಿಸಿ83 ಹೇಗಿರಬೇಕು ಎಂಬುದು ತಯಾರಕರ ಕೈಪಿಡಿಯಲ್ಲಿದೆ. ಆನೋಡಿಗೆ 250 ವೋಲ್ಟ್, ಗ್ರಿಡ್ಡಿಗೆ ಋಣ 2 ವೋಲ್ಟ್ ಇದ್ದಾಗ 1.2 ಮಿಲಿಆಂಪಿಯರ್. ಗ್ರಿಡ್ಡಿನ ಹಿಡಿತ ವೋಲ್ಟಿಗೆ 1.6 ಮಿಲಿಆಂಪಿಯರ್. ಒಳರೋಧ 62.5 ಕಿಲೋಓಮ್. ಕೊನೆಯ ಎರಡನ್ನು ಗುಣಿಸಿದರೆ ಬರುವ 100 ಎಂಬ ಸಂಖ್ಯೆಯೇ ವಾಲ್ವಿನ ವರ್ಧನ ಗುಣಾಂಕ. ಮೂರೂ ಗುಣಗಳು ರೇಖೆಗಳಲ್ಲೇ ಅಡಗಿವೆ. ರೇಖೆಗಳ ನಡುವಣ ಅಂತರದಲ್ಲಿ ಗ್ರಿಡ್ಡಿನ ಹಿಡಿತ, ಅವುಗಳ ಓರೆಯಲ್ಲಿ ಒಳರೋಧ.

ಮುದಿಯಾದ ವಾಲ್ವಿನ ರೇಖೆಗಳು ಇಡಿಯಾಗಿ ಕೆಳಕ್ಕೆ ಕುಸಿದಿರುತ್ತವೆ. ಕ್ಯಾಥೋಡಿನ ಲೇಪ ಸವೆದಿದ್ದರೆ ಕೆಳಗೆ ಸರಿಯಾಗಿ ಹೊರಟ ರೇಖೆ ಮೇಲೇರುತ್ತ ಏದುಸಿರು ಬಿಟ್ಟಂತೆ ಚಪ್ಪಟೆಯಾಗುತ್ತದೆ. ಒಂದೇ ಚುಕ್ಕೆಯ ಯಂತ್ರದ ಕಣ್ಣಿಗೆ ಬೀಳದ ರೋಗವಿದು. ಅನುಮಾನವಿದ್ದರೆ ಬಿಸಿತಂತಿಯ ವೋಲ್ಟೇಜನ್ನು ಹತ್ತರಲ್ಲೊಂದು ಪಾಲು ಇಳಿಸಿ ನೋಡಬೇಕು. ಗಟ್ಟಿ ವಾಲ್ವ್ ಅದನ್ನು ಲೆಕ್ಕಿಸುವುದೇ ಇಲ್ಲ. ಸೊರಗಿದ ವಾಲ್ವಿನ ಕರೆಂಟ್ ಎದ್ದು ಕಾಣುವಂತೆ ಕುಗ್ಗುತ್ತದೆ. ಇನ್ನು ಹೆಸರು ಬದಲಿಸಿದ ವಾಲ್ವ್ ಈ ಪೆಟ್ಟಿಗೆಯ ಮುಂದೆ ಬಚ್ಚಿಟ್ಟುಕೊಳ್ಳಲಾರದು. ಗಾಜಿನ ಮೇಲೆ ಏನೇ ಬರೆದಿರಲಿ, ಬೇರೆ ಜಾತಿಯ ವಾಲ್ವಿನ ರೇಖೆಗಳೇ ಬೇರೆ.

ಜೋಡಿ ಕೂಡಿಸುವಾಗಲಂತೂ ಜಾತಕ ನೋಡದೆ ನಡೆಯದು. ಎರಡು ವಾಲ್ವ್‌ಗಳು ಎದುರುಬದುರು ಎಳೆಯುವ ಆಂಪ್ಲಿಫೈಯರುಗಳಲ್ಲಿ ಒಂದು ಹೆಚ್ಚು ಕರೆಂಟ್ ಎಳೆದು ಇನ್ನೊಂದು ಕಡಿಮೆ ಎಳೆದರೆ, ಉಳಿದ ವ್ಯತ್ಯಾಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಒಂದೇ ಕಡೆಗೆ ಕಾಂತಗೊಳಿಸಿ ಸ್ವರ ಕೆಡಿಸುತ್ತದೆ. ಎತ್ತಿನ ಜೋಡಿಯಂತೆಯೇ ಇದು. ನಿಂತಾಗ ಎತ್ತರ ಸಮನಾದರೆ ಸಾಲದು, ಹೆಜ್ಜೆಯೂ ಕೂಡಬೇಕು. ಒಂದು ಚುಕ್ಕೆಯಲ್ಲಿ ಸರಿಹೊಂದಿದ ಎರಡು ವಾಲ್ವ್‌ಗಳ ರೇಖೆಗಳು ಮುಂದೆ ಹೋಗಿ ಬೇರೆ ಬೇರೆ ದಾರಿ ಹಿಡಿಯಬಹುದು. ಒಂದರ ಮೇಲೊಂದು ಇಟ್ಟು ನೋಡಿದಾಗ ಪೂರ್ತಿ ಕೂಡಿದರೆ ಅದೇ ನಿಜವಾದ ಜೋಡಿ.

ಬಿಸಾಡುವ ಮುನ್ನ

ರೇಖೆ ಬರೆಯುವ ಪೆಟ್ಟಿಗೆಯಿಂದ ಆಗುವ ದೊಡ್ಡ ಉಪಕಾರ ಕೆಟ್ಟ ವಾಲ್ವನ್ನು ಹಿಡಿಯುವುದಷ್ಟೇ ಅಲ್ಲ, ಒಳ್ಳೆಯ ವಾಲ್ವನ್ನು ಉಳಿಸುವುದು. ರೇಡಿಯೊ ಗೊರಗೊರ ಎಂದ ಕೂಡಲೇ ವಾಲ್ವ್‌ಗಳನ್ನೆಲ್ಲ ಬದಲಿಸುವವರಿದ್ದಾರೆ. ಎಷ್ಟೋ ಸಲ ತಪ್ಪು ಒಣಗಿದ ಕೆಪಾಸಿಟರಿನದು ಅಥವಾ ಕಿಲುಬು ಹಿಡಿದ ಸಾಕೆಟ್ಟಿನದು. ನಿರಪರಾಧಿ ವಾಲ್ವ್ ಮಾತ್ರ ಕಸದ ಬುಟ್ಟಿ ಸೇರಿರುತ್ತದೆ. ಪವರ್ ಆಂಪ್ಲಿಫೈಯರಿಗೆ ಸಾಲದ ವಾಲ್ವ್ ಮೆಲುದನಿಯ ಪುಟ್ಟ ರೇಡಿಯೊ ಒಂದರಲ್ಲಿ ಇನ್ನೂ ಹಲವು ವರ್ಷ ಬಾಳಬಹುದು. ಅರ್ಧ ಕೆಟ್ಟ ಇಸಿಸಿ83ರ ಇನ್ನರ್ಧ ಗಟ್ಟಿಯಾಗಿರಬಹುದು. ಅಳೆಯದೆ ಇದು ಗೊತ್ತಾಗುವುದಿಲ್ಲ.

ಈ ಕೆಲಸದಲ್ಲಿ ಪಳಗಿದವರು ಇನ್ನೊಂದು ರೂಢಿ ಇಟ್ಟುಕೊಂಡಿರುತ್ತಾರೆ. ಅಳೆದ ಪ್ರತಿ ವಾಲ್ವಿಗೂ ಒಂದು ಸಂಖ್ಯೆ ಕೊಟ್ಟು, ರೇಖೆಗಳ ಹಾಳೆಯ ಮೇಲೆ ತಾರೀಕು ಬರೆದು, ಮಡಿಸಿ ಅದರ ಡಬ್ಬಿಯಲ್ಲೇ ಇಡುತ್ತಾರೆ. ಎರಡು ವರ್ಷ ಬಿಟ್ಟು ಮತ್ತೆ ಅಳೆದು ಹಳೆಯ ಹಾಳೆಯ ಪಕ್ಕ ಹಿಡಿದರೆ, ಎಷ್ಟು ಸವೆದಿದೆ, ಇನ್ನೆಷ್ಟು ಉಳಿದಿದೆ ಎಂಬುದು ಕಣ್ಣೆದುರೇ ಇರುತ್ತದೆ. ಆ ಡಬ್ಬಿ ಮುಂದೆ ಯಾರ ಕೈ ಸೇರಿದರೂ ಅವರು ‘ಪರೀಕ್ಷಿಸಿದ್ದು’ ಎಂಬ ಚೀಟಿಯನ್ನು ನಂಬಿ ಕೂರಬೇಕಿಲ್ಲ. ಪರೀಕ್ಷೆಯೇ ಹಾಳೆಯ ಮೇಲೆ ಇರುತ್ತದೆ.